ಅಪ್ಪ ಖಂಡ ಬಿಟ್ಟ ವರ್ಷ

ಸಿಟ್ಟಿನಲ್ಲಿ ನಾನು ಆಯಿಯ ಮೊಮ್ಮಗಳು, ಊಟದಲ್ಲಿ ಅಪ್ಪನ ಮಗಳು ಎಂದು ಅವ್ವ ಹೇಳುತ್ತಿದ್ದಳು. ಅದು ಹೊಗಳಿಕೆಯೋ ಬೈಗುಳವೋ ತಿಳಿಯುತ್ತಿರಲಿಲ್ಲ. ನಾನು ಹೊಗಳಿಕೆಯೆಂದೇ ಇಟ್ಟುಕೊಂಡಿದ್ದೆ. ಆಯಿ ಎಂದರೆ ಅಪ್ಪನ ತಾಯಿ. ಅಕ್ಕ ಗಂಗವ್ವ ನನಗಿಂತ ನಾಲ್ಕು ವರ್ಷ ದೊಡ್ಡವಳು. ಹೀಗೆ ನಾವು ಐದು ಮಂದಿ, ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಹಿಂದಿನ ಓಣಿಯಲ್ಲಿ, ಒಂದು ಪಡಸಾಲೆ, ಒಂದು ಅಡುಗೆಮನೆ, ಒಂದು ಹಿತ್ತಲು ಇದ್ದ ಮನೆಯಲ್ಲಿ ಇದ್ದೆವು. ಅಪ್ಪ ಪೇಟೆಯ ಒಂದು ದಲಾಲಿ ಅಂಗಡಿಯಲ್ಲಿ ಮೆಣಸಿನಕಾಯಿ ಚೀಲ ತೂಗುವ ಕೆಲಸಕ್ಕಿದ್ದ. ಸಂಜೆ ಮನೆಗೆ ಬಂದಾಗ ಅವನ ಹುಬ್ಬು, ಕಿವಿ, ಉಗುರು ಎಲ್ಲ ಕೆಂಪು. ಹಿತ್ತಲಿಗೆ ಹೋಗಿ ಮೈ ತೊಳೆದುಕೊಳ್ಳುವವರೆಗೆ ನಮ್ಮನ್ನು ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಸುಗ್ಗಿಯ ದಿನಗಳಲ್ಲಿ ಇಡೀ ಓಣಿ ಸೀನುತ್ತಿತ್ತು. ಹೊರಗಿನಿಂದ ಬಂದ ನೆಂಟರು ಕಣ್ಣೊರೆಸಿಕೊಳ್ಳುತ್ತ ಮಾತಾಡುವುದನ್ನು ನೋಡಿ ನಾವು ಅಕ್ಕತಂಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದೆವು.

ವಾರದ ಆರು ದಿನ ಅಪ್ಪ ಮಾತು ಕಡಿಮೆಯ ಮನುಷ್ಯ. ಏಳನೆಯ ದಿನ ಬೇರೆಯವನೇ ಆಗುತ್ತಿದ್ದ. ರವಿವಾರ ಬೆಳಿಗ್ಗೆ ಎದ್ದವನೇ ಮೌಲಾಲಿ ಕಾಕಾನ ಅಂಗಡಿಗೆ ಹೋಗಿ ಕುತ್ತಿಗೆಯ ಕಡೆಯ ಖಂಡ, ಅಂದರೆ ಮಾಂಸ, ಕೇಳಿ ತರುತ್ತಿದ್ದ. ಅಡುಗೆಮನೆಯಲ್ಲಿ ದೇವರ ಮಾಡ ಇದ್ದುದರಿಂದ ಮಾಂಸದ ಅಡುಗೆ ಒಳಗೆ ಆಗುತ್ತಿರಲಿಲ್ಲ. ಹಿತ್ತಲಿನಲ್ಲಿ ಮೂರು ಕಲ್ಲು ಹೂಡಿ ಅದಕ್ಕೇ ಬೇರೆ ಒಲೆ, ಬೇರೆ ಗಡಿಗೆ. ಅವ್ವ ಒಣಕೊಬ್ಬರಿ, ಕೊತ್ತಂಬರಿ ಬೀಜ, ಗಸಗಸೆ, ಲವಂಗ ಒಂದೊಂದಾಗಿ ಹುರಿಯುವಳು. ಉಳ್ಳಾಗಡ್ಡಿಯನ್ನು ಸಿಪ್ಪೆ ಸಮೇತ ಕೆಂಡದಲ್ಲಿ ಹುಗಿದು ಸುಡುವಳು. ಆಮೇಲೆ ತೊಟ್ಟು ಮುರಿದ ಮೆಣಸಿನಕಾಯಿ ಸೇರಿಸಿ ಒರಳಿನಲ್ಲಿ ಹಾಕಿ ರುಬ್ಬಿದರೆ ನಾಲ್ಕು ಮನೆಯಾಚೆಗೂ ವಾಸನೆ. ಅಪ್ಪ ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಉರಿ ಊದುತ್ತ ಪೇಟೆಯ ಕತೆ ಹೇಳುತ್ತಿದ್ದ. ಯಾವ ದಲಾಲಿ ಹೇಗೆ ನಡೆಯುತ್ತಾನೆ ಎಂದು ಎದ್ದು ನಿಂತು ನಡೆದು ತೋರಿಸುತ್ತಿದ್ದ. ಉಣ್ಣುವಾಗ ಮೂಳೆ ಆಯಿಗೆ, ಕಾಳಜದ ತುಂಡು ಗಂಗಕ್ಕನಿಗೆ, ತನ್ನ ತಾಟಿನಲ್ಲಿದ್ದ ಮೆತ್ತನೆಯ ತುಂಡು ನನಗೆ. ನನಗೆ ಮಾಂಸಕ್ಕಿಂತ ಹೆಚ್ಚಾಗಿ ಆ ಅಪ್ಪ ಬೇಕಿದ್ದ ಎಂದು ಈಗ ಅನ್ನಿಸುತ್ತದೆ, ಆಗ ಮಾಂಸವೇ ಬೇಕು ಅನ್ನಿಸುತ್ತಿತ್ತು.

ಬಿಡುವುದು ನಮಗೇನೂ ಹೊಸದಾಗಿರಲಿಲ್ಲ. ಸೋಮವಾರ, ಶನಿವಾರ ಮುಟ್ಟುತ್ತಿರಲಿಲ್ಲ. ಶ್ರಾವಣ ಇಡೀ ತಿಂಗಳು ಹಿತ್ತಲ ಒಲೆ ತಣ್ಣಗಿರುತ್ತಿತ್ತು. ದೊಡ್ಡ ಹಬ್ಬದ ದಿನ ಹೋಳಿಗೆ; ಮರುದಿನ ಕರಿ, ಅಂದು ಮಾಂಸ. ಹೀಗೆ ಬಿಟ್ಟದ್ದೆಲ್ಲ ತಿರುಗಿ ಬರುತ್ತಿತ್ತು, ಮತ್ತು ಬಂದ ದಿನ ಎರಡು ಪಟ್ಟು ರುಚಿಯಾಗಿರುತ್ತಿತ್ತು. ಆದ್ದರಿಂದ ಬಿಡುವುದೆಂದರೆ ಕಾಯುವುದು ಎಂದೇ ನಾನು ತಿಳಿದಿದ್ದೆ.

ನನಗೆ ಒಂಬತ್ತು ವರ್ಷವಿದ್ದಾಗ ಮಳೆಗಾಲದಲ್ಲಿ ಜ್ವರ ಬಂತು. ಮೊದಲು ಕಷಾಯವಾಯಿತು, ಆಮೇಲೆ ಊರಿನ ಡಾಕ್ಟರ ಸೂಜಿಯಾಯಿತು, ಕೊನೆಗೆ ಹಾವೇರಿಯ ದವಾಖಾನೆಗೆ ಒಯ್ದರು. ಟೈಫಾಯ್ಡು ಅಂದರು. ಆ ದಿನಗಳಲ್ಲಿ ನನಗೆ ನೆನಪಿರುವುದು ಅವ್ವನ ಸೀರೆಯ ಅಂಚು ಮತ್ತು ಪಕ್ಕದ ಮಂಚದವರ ಗೊರಕೆ ಮಾತ್ರ. ಉಳಿದದ್ದೆಲ್ಲ ಆಮೇಲೆ ಹೇಳಿ ಕೇಳಿದ್ದು. ಮೂರನೆಯ ವಾರ ಡಾಕ್ಟರು ಅಪ್ಪನ ಮುಖ ನೋಡದೆ ಮಾತಾಡಿದರಂತೆ. ಅಪ್ಪ ಮರುದಿನ ಶನಿವಾರ ಕಾಲಿಗೆ ಚಪ್ಪಲಿ ಇಲ್ಲದೆ ಕದರಮಂಡಲಗಿಗೆ ನಡೆದು ಹೋಗಿ ಹನುಮಪ್ಪನ ಮುಂದೆ ನಿಂತು ಹರಕೆ ಹೊತ್ತು ಬಂದನಂತೆ. ಅದೇ ವಾರ ನನ್ನ ಜ್ವರ ಇಳಿಯಿತು. ಔಷಧಿ ಮೈಗೆ ಹತ್ತಿತೋ, ಹರಕೆ ಮುಟ್ಟಿತೋ, ಆ ವಾದ ನಮ್ಮ ಮನೆಯಲ್ಲಿ ಯಾರೂ ಮಾಡಲಿಲ್ಲ.

ಮನೆಗೆ ಬಂದ ಮೇಲೂ ಒಂದು ತಿಂಗಳು ಗಂಜಿ. ನಾನು ಮಂಚದ ಮೇಲೆ ಮಲಗಿ ರವಿವಾರಗಳನ್ನು ಎಣಿಸುತ್ತಿದ್ದೆ. ಗಟ್ಟಿ ಊಟಕ್ಕೆ ಅಪ್ಪಣೆ ಸಿಕ್ಕ ಮೊದಲ ರವಿವಾರ ಗೋಡೆ ಹಿಡಿದುಕೊಂಡು ಹಿತ್ತಲಿಗೆ ಹೋದೆ. ಒಲೆಯಲ್ಲಿ ಬೂದಿ ಕೂಡ ಇರಲಿಲ್ಲ. ಗಂಗಕ್ಕ ಬಟ್ಟೆ ಒಗೆಯುತ್ತಿದ್ದಳು.

"ಒಲಿ ಯಾಕ ಹಚ್ಚಿಲ್ಲ?" ಅಂದೆ.

"ಇನ್ನ ಹಚ್ಚೂದಿಲ್ಲ. ಅಪ್ಪ ಖಂಡ ಬಿಟ್ಟಾನ. ನಿನ್ನ ಸಲುವಾಗಿ ಹನುಮಪ್ಪಗ ಬೇಡ್ಕೊಂಡಾನ."

"ಅಪ್ಪ ಬಿಟ್ಟಾನಲ್ಲಾ, ನಾವ್ಯಾಕ ಬಿಡಬೇಕು?"

"ಅವ್ವನ್ನ ಕೇಳು ಹೋಗು. ನಿನ್ನ ಜ್ವರ ನಮ್ಮ ರವಿವಾರಾನ ತಿಂದುಬಿಡ್ತು ನೋಡು."

ಅವ್ವನನ್ನು ಕೇಳುವ ಧೈರ್ಯ ನನಗಿರಲಿಲ್ಲ, ಆಯಿ ನನಗಿಂತ ಮೊದಲೇ ಕೇಳಿ ಜಗಳವಾಡಿ ಮುಗಿಸಿದ್ದಳು. ಅವ್ವನ ಉತ್ತರ ಸರಳವಾಗಿತ್ತು. "ಮನಿ ಯಜಮಾನ ಬರೇ ರೊಟ್ಟಿ ಮುರಕೊಂತ ಕುಂತಿರತಾನ, ನಾವು ಅವನ ಮುಂದ ಎಲುಬು ಕಡೀಬೇಕೇನು? ಒಂದ ಮನಿ, ಒಂದ ಅಡಗಿ" ಅಂದಳಂತೆ. ಆಯಿಗೆ ಇದು ಒಪ್ಪಿಗೆಯಾಗಲಿಲ್ಲ. "ನನಗ ಇರೂವ ನಾಕು ಹಲ್ಲು. ಅವು ಬೀಳೂತನಕ ತಿಂದು ಸಾಯ್ತಿದ್ದೆ" ಎಂದು ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. ಆದರೆ ಮಗನ ಹರಕೆ ಏನೆಂದು ಯಾರಾದರೂ ಕೇಳಿದರೆ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಹರಕೆ ತೀರುವ ಮುಂಚೆ ಅದರ ವಿವರ ಬಾಯಿಬಿಟ್ಟರೆ ಕೆಡುತ್ತದೆಂಬ ನಂಬಿಕೆ. ಮಕ್ಕಳ ಮುಂದೆಯಂತೂ ಆಡುವಂತಿರಲಿಲ್ಲ. ಅಪ್ಪ ದೇವರ ಮುಂದೆ ಏನು ಹೇಳಿದ್ದ, ಹೇಗೆ ಹೇಳಿದ್ದ ಎಂಬುದು ದೊಡ್ಡವರು ಮೂವರಿಗೆ ಗೊತ್ತಿತ್ತು. ನಮಗೆ ಗೊತ್ತಿದ್ದದ್ದು ನನ್ನ ಸಲುವಾಗಿ ಬಿಟ್ಟಿದ್ದಾನೆ ಅನ್ನುವುದಷ್ಟೇ.

ಆಯಿ ತನಗೊಂದು ದಾರಿ ಮಾಡಿಕೊಂಡಳು. ದೀಪಾವಳಿಯ ಕರಿಯ ದಿನ ಬೆಳಿಗ್ಗೆ ಹೊಸ ಸೀರೆ ಉಟ್ಟು ಚೀಲ ಹಿಡಿದು ರಾಣೆಬೆನ್ನೂರಿನ ಬಸ್ಸು ಹತ್ತಿದಳು. ಅಲ್ಲಿ ಅವಳ ಮಗಳು, ನಮ್ಮ ಅತ್ತೆ ಇದ್ದಳು. ಕೇಳಿದವರಿಗೆ "ಮಗಳ ಮಾರಿ ನೋಡಿ ಬರ್ತೇನಿ" ಅಂದಳು. ಮರುದಿನ ಸಂಜೆ ತಿರುಗಿ ಬಂದಾಗ ಅವ್ವ ಬಾಗಿಲಲ್ಲೇ ಅವಳ ಕಾಲಿಗೆ ನೀರು ಹಾಕಿ, ಸೀದಾ ಒಳಗೆ ಹೋದಳು. ಆಯಿ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಅಕ್ಕನಿಗೂ ನನಗೂ ಆ ಊಟವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಸಾರು ಎಷ್ಟು ಗಟ್ಟಿ, ಖಾರ ಎಷ್ಟು, ಮೂಳೆಯೊಳಗಿನದು ಹೇಗೆ ಬಂತು. ಹೇಳಿ ಮುಗಿಸಿ, "ಆದರ ನಿಮ್ಮವ್ವನ ಕೈಯಾಂದು ಬರೂದಿಲ್ಲ ಬಿಡು" ಅಂದಳು. ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಅವನಿಗೆ ನಿದ್ದೆ ಬಂದಿರಲಿಲ್ಲವೆಂದು ನನಗೆ ಗೊತ್ತು, ಯಾಕೆಂದರೆ ಅವನ ಕಾಲಿನ ಹೆಬ್ಬೆರಳು ಅಲುಗಾಡುತ್ತಿತ್ತು.

ಅಪ್ಪ ಒಂದು ದಿನವೂ ಗೊಣಗಲಿಲ್ಲ. ಗೊಣಗಿದ್ದರೆ ಚೆನ್ನಾಗಿತ್ತು. ಮೂರು ರೊಟ್ಟಿ ಉಣ್ಣುತ್ತಿದ್ದವನು ಒಂದೂವರೆಗೆ ಬಂದ. ರವಿವಾರ ಬಂದರೆ ಅವನಿಗೆ ಎಲ್ಲಿ ಕೂಡಬೇಕೆಂದು ತಿಳಿಯುತ್ತಿರಲಿಲ್ಲ. ಹಿತ್ತಲಿಗೆ ಹೋಗುವನು, ಒಲೆಯ ಕಲ್ಲು ನೋಡುವನು, ತಿರುಗಿ ಪಡಸಾಲೆಗೆ ಬರುವನು. ದಲಾಲಿಗಳ ನಡಿಗೆ ನಿಂತುಹೋಯಿತು. ಊಟಕ್ಕೆ ಕೂತಾಗ ನಾನು ನನ್ನ ತಾಟು ನೋಡದೆ ಅವನ ಕೈ ನೋಡುತ್ತಿದ್ದೆ. ತುತ್ತು ಮಾಡಿದ ಕೈ ಬಾಯಿಯ ತನಕ ಹೋಗಿ ಸ್ವಲ್ಪ ನಿಂತರೂ ನಾನು ಉಣ್ಣುವುದನ್ನು ನಿಲ್ಲಿಸುತ್ತಿದ್ದೆ. ನಾನು ಬದುಕಿದ್ದಕ್ಕೆ ಈ ಮನುಷ್ಯ ಹಸಿದಿದ್ದಾನೆ ಎಂದು ನನಗೆ ಖಾತ್ರಿಯಾಗಿತ್ತು. ಅಷ್ಟೇ ಅಲ್ಲ, ನಾನು ಬದುಕದಿದ್ದರೆ ಇವರೆಲ್ಲ ರವಿವಾರ ನಗುತ್ತ ಉಣ್ಣುತ್ತಿದ್ದರು ಎಂದೂ ಲೆಕ್ಕ ಹಾಕಿದ್ದೆ. ಒಂಬತ್ತು ವರ್ಷದ ಹುಡುಗಿಗೆ ಇದನ್ನು ಯಾರ ಹತ್ತಿರ ಹೇಳಬೇಕೆಂದು ತಿಳಿಯಲಿಲ್ಲ. ಅಂದಿನಿಂದ ಏನನ್ನೂ ಕೇಳದಿರುವುದನ್ನು ರೂಢಿ ಮಾಡಿಕೊಂಡೆ. ರಿಬ್ಬನ್ ಬೇಡ, ಹೊಸ ಪಾಟಿ ಬೇಡ, ಬೆಲ್ಲ ಬೇಡ. ಹುಡುಗಿ ಜ್ವರದಿಂದ ಎದ್ದ ಮೇಲೆ ಭಾಳ ಶಾಣ್ಯಾ ಆಗ್ಯಾಳ ಎಂದು ಓಣಿಯವರು ಅವ್ವನ ಮುಂದೆ ಹೊಗಳಿದರು.

ಮೌಲಾಲಿ ಕಾಕಾ ಒಂದು ಮಧ್ಯಾಹ್ನ ಮನೆಗೇ ಬಂದ. ಅಪ್ಪ ಅವನ ಅಂಗಡಿಯ ಮುಂದೆ ಹಾಯುವುದನ್ನು ಬಿಟ್ಟು ಸುತ್ತು ಹಾಕಿ ಪೇಟೆಗೆ ಹೋಗುತ್ತಿದ್ದ; ಅದು ಕಾಕಾನ ಕಣ್ಣಿಗೆ ಬಿದ್ದಿತ್ತು. ಕಟ್ಟೆಯ ಮೇಲೆ ಕೂತವನೇ ಕೇಳಿದ.

"ಯಲ್ಲಪ್ಪಾ, ನನ್ನ ಮ್ಯಾಲೆ ನಾರಾಜ್ ಆಗೀಯೇನು? ಖಂಡ ಖರಾಬ್ ಕೊಟ್ಟಿದ್ನೇನು ಯಾವಾಗರ?"

"ಇಲ್ಲೋ ಮಾರಾಯಾ. ಸಣ್ಣ ಮಗಳಿಗೆ ಜಡ್ಡಾಗಿತ್ತಲ್ಲ, ಹರಕಿ ಹೊತ್ತೇನಿ. ನಿನ್ನ ಅಂಗಡಿ ಮುಂದ ಹಾಯ್ದ್ರ ಕಾಲು ತಾನ ನಿಂದರತಾವು, ಅದಕ್ಕ ಆ ಕಡಿ ಬರವಲ್ಲೆ."

ಕಾಕಾ ನನ್ನ ಕಡೆ ನೋಡಿದ. ಕಂಬದ ಹಿಂದೆ ಸರಿದೆ.

"ಬೇಟಿ ಸಲುವಾಗಿ ಅಂದ ಮ್ಯಾಲೆ ಮಾತ ಮುಗೀತು. ಖಂಡ ಬ್ಯಾಡ ಅಂದ್ರ ಚಾನೂ ಬ್ಯಾಡೇನು?"

"ಚಾ ಬಿಟ್ಟಿಲ್ಲಪಾ. ಇನ್ನೊಂದೀಟು ದಿನ ತಡಿ, ಎಲ್ಲಾ ಸರಿ ಆಕ್ಕೈತಿ" ಅಂದ ಅಪ್ಪ.

ಅಂದಿನಿಂದ ರವಿವಾರ ಅಂಗಡಿ ಮುಚ್ಚಿ ಮೈ ತೊಳೆದುಕೊಂಡು ಕಾಕಾ ನಮ್ಮ ಕಟ್ಟೆಗೆ ಬಂದು ಅಪ್ಪನ ಜೊತೆ ಚಹ ಕುಡಿದು ಹೋಗುವುದು ರೂಢಿಯಾಯಿತು. 'ಇನ್ನೊಂದೀಟು ದಿನ ತಡಿ' ಎಂದು ಅಪ್ಪ ಹೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೆ, ಆದರೆ ಗೆಳೆಯನ ಸಮಾಧಾನಕ್ಕೆ ಆಡಿದ ಮಾತೆಂದು ಬಿಟ್ಟುಬಿಟ್ಟೆ.

ಯುಗಾದಿ ಮುಗಿದ ಮೇಲಿನ ಒಂದು ರವಿವಾರ ಅವ್ವ ಯಾರಿಗೂ ಹೇಳದೆ ಹಿತ್ತಲ ಒಲೆ ಹಚ್ಚಿದಳು. ಕೊಬ್ಬರಿ ಹುರಿದಳು, ಉಳ್ಳಾಗಡ್ಡಿ ಸುಟ್ಟಳು, ರವಿವಾರದ ಆ ಖಾರವನ್ನು ಮೊದಲಿನ ಹಾಗೆಯೇ ರುಬ್ಬಿದಳು. ಮಾಂಸದ ಬದಲು ಎಳೆ ಬದನೆಕಾಯಿ ಸೀಳಿ ಅದರಲ್ಲಿ ಹಾಕಿದಳು. ಓಣಿಯಿಂದ ಬರುತ್ತಿದ್ದ ಅಪ್ಪ ಬಾಗಿಲಲ್ಲೇ ನಿಂತು ಮೂಗು ಎತ್ತಿದ. ಅವನ ಮುಖ ನೋಡಿ ಗಂಗಕ್ಕ ನನ್ನ ಕೈ ಗಟ್ಟಿಯಾಗಿ ಹಿಡಿದಳು. ಎಲ್ಲರೂ ಕೂತೆವು. ಅಪ್ಪ ಒಂದು ತುತ್ತು ಬಾಯಿಗಿಟ್ಟ, ಕಣ್ಣು ಮುಚ್ಚಿದ. ಎಷ್ಟೋ ತಿಂಗಳ ಮೇಲೆ ಅವನ ಬಿಗಿದ ಭುಜ ಸಡಿಲಾದದ್ದನ್ನು ನಾನು ಕಂಡೆ. ಎರಡನೆಯ ತುತ್ತು ಮಾಡಿದವನು ಅದನ್ನು ತಾಟಿನಲ್ಲೇ ಬಿಟ್ಟು ಎದ್ದು ಕೈ ತೊಳೆದ.

"ಯಾಕ, ಏನಾತು?" ಅಂದಳು ಅವ್ವ.

"ಖಂಡ ಇಲ್ಲಷ್ಟ, ಉಳದದ್ದೆಲ್ಲಾ ಐತಿ ಇದರಾಗ. ಕಣ್ಣು ಮುಚ್ಚಿದ್ರ ಖಂಡಾನ ತಿಂದಾಂಗ ಆತು. ದೇವರ ಮುಂದ ಕಳ್ಳಾಟ ಆಡಿದಾಂಗ ಆಕ್ಕೈತಿ."

"ಬದ್ನಿಕಾಯಿ ತಿಂದ್ರ ಕಳ್ಳಾಟೇನು?"

"ಬದ್ನಿಕಾಯಲ್ಲ. ಈ ಖಾರ."

ಅವ್ವನಿಗೆ ಸಿಟ್ಟು ಬಂದದ್ದನ್ನು ನಾನು ಅಲ್ಲಿಯವರೆಗೆ ಹೆಚ್ಚು ನೋಡಿರಲಿಲ್ಲ. ಅವಳು ಕೂಗಲಿಲ್ಲ. ಅಪ್ಪನ ತಾಟು ಎತ್ತಿಕೊಳ್ಳುತ್ತ ಹೇಳಿದಳು.

"ನಾಲಗಿ ನಿಮ್ಮದು. ಹರಕಿ ಹೊತ್ತೀರಿ, ಬಿಡ್ರಿ. ಕೈ ನಂದು. ನನ್ನ ಕೈಯಾನ ಖಾರ ಹನುಮಪ್ಪಗ ಕೊಡಾಕ ನೀವ್ಯಾರು?"

ನಮ್ಮ ಬಳಗದಲ್ಲಿ ಅವ್ವನನ್ನು ಅವಳ ಕೈಯಿಂದಲೇ ಗುರುತಿಸುತ್ತಿದ್ದರು. ಮದುವೆ, ಸೀಮಂತ ಏನೇ ಇರಲಿ, ಖಾರ ಹುರಿಯುವ ಹೊತ್ತಿಗೆ ಅವಳನ್ನು ಕರೆಯಲು ಬರುತ್ತಿದ್ದರು. ಅಪ್ಪನ ಒಂದು ಹರಕೆಯಿಂದ ಆ ಕೈಗೆ ಮನೆಯಲ್ಲೇ ಕೆಲಸವಿಲ್ಲದಂತಾಗಿತ್ತು ಎಂಬುದನ್ನು ನಾವ್ಯಾರೂ ಯೋಚಿಸಿರಲಿಲ್ಲ. ಅಂದು ಅವ್ವ ಒರಳುಗುಂಡನ್ನು ತೊಳೆದು ಗೋಡೆಗೆ ಒರಗಿಸಿ ಇಟ್ಟಳು. ಮರುದಿನದಿಂದ ಬೇಳೆಗೆ ಉಪ್ಪು ಜೀರಿಗೆ, ಪಲ್ಯಕ್ಕೆ ಉಪ್ಪು ಜೀರಿಗೆ. ಮೆಣಸಿನಕಾಯಿಗೆ ಹೆಸರಾದ ಬ್ಯಾಡಗಿಯಲ್ಲಿ, ಮೈತುಂಬ ಮೆಣಸಿನಕಾಯಿಯ ಧೂಳು ಹೊತ್ತು ಬರುವ ಮನುಷ್ಯನ ಮನೆಯಲ್ಲಿ ಎಂಟು ದಿನ ಸಪ್ಪೆ ಊಟ. ಆಯಿ ಹಸಿಮೆಣಸಿನಕಾಯಿ ಕಚ್ಚಿಕೊಂಡು ಉಂಡಳು. ಅಪ್ಪ ಅವ್ವ ಮಾತು ಬಿಟ್ಟರು. ಇದಕ್ಕೆಲ್ಲ ಮೂಲ ನಾನು.

ಆಗ ನನಗೊಂದು ಉಪಾಯ ಹೊಳೆಯಿತು. ಅಂಗಡಿಯಿಂದ ತಂದ ಬಟ್ಟೆ ಅಳತೆಗೆ ಬಾರದಿದ್ದರೆ ತಿರುಗಿ ಕೊಟ್ಟು ಬರುತ್ತಿದ್ದೆವಲ್ಲ, ಹಾಗೆ ಹರಕೆಯನ್ನೂ ತಿರುಗಿ ಕೊಟ್ಟು ಬಂದರಾಯಿತು. ಹನುಮಪ್ಪನನ್ನು ನೋಡಬೇಕು ಎಂದು ಆಯಿಗೆ ಗಂಟುಬಿದ್ದೆ. ಹುಡುಗಿಗೆ ಭಕ್ತಿ ಬಂದಿದೆಯೆಂದು ಅವಳಿಗೆ ಖುಷಿಯೋ ಖುಷಿ. ಶನಿವಾರ ಬೆಳಿಗ್ಗೆ ತಲೆಗೆ ನೀರು ಹಾಕಿ, ಜಡೆ ಹೆಣೆದು, ಬಸ್ಸಿನಲ್ಲಿ ಕದರಮಂಡಲಗಿಗೆ ಕರೆದುಕೊಂಡು ಹೋದಳು. ಗುಡಿಯಲ್ಲಿ ಶನಿವಾರದ ಮಂದಿ. ಸಾಲು ಸರಿದು ಸರಿದು ಗರ್ಭಗುಡಿಯ ಮುಂದೆ ಬಂದೆವು. ಪೂಜಾರರು ನನ್ನ ಕೈಗೆ ತೀರ್ಥ ಹಾಕಲು ಬಾಗಿದರು. ನಾನು ಕೈ ಒಡ್ಡಲಿಲ್ಲ. ಒಳಗಿದ್ದ ಮೂರ್ತಿಯನ್ನೇ ನೋಡುತ್ತ, ಶಾಲೆಯಲ್ಲಿ ಪದ್ಯ ಒಪ್ಪಿಸುವಷ್ಟು ಗಟ್ಟಿಯಾಗಿ ಹೇಳಿದೆ.

"ಹನುಮಪ್ಪಾ, ನನ್ನ ಜ್ವರ ನನಗ ವಾಪಸ್ ಕೊಡು. ನಮ್ಮಪ್ಪನ ಖಂಡ ಅವಂಗ ವಾಪಸ್ ಕೊಡು."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಪೂಜಾರರು ನಗಲಿಲ್ಲ. ಅವರ ಕೈಯಲ್ಲಿದ್ದ ತೀರ್ಥದ ಉದ್ಧರಣೆ ಹಾಗೆಯೇ ನಿಂತಿತು. ಆಯಿ ನನ್ನ ಬೆನ್ನಿಗೆ ಒಂದು ಗುದ್ದಿ, ಕೂಡಲೇ ಎರಡೂ ಕೈಯಿಂದ ಎಳೆದು ಹೊಟ್ಟೆಗೆ ಒತ್ತಿ ಹಿಡಿದಳು.

"ತಿಳೀಲಾರದ ಅಂದೈತ್ರಿ ಕೂಸು. ಮನಸಿಗೆ ಹಚ್ಚಿಕೋಬ್ಯಾಡ್ರಿ, ಮನಿಗೆ ಕರಕೊಂಡು ಹೋಗ್ರಿ" ಅಂದರು ಪೂಜಾರರು. ನನಗೊಂದು ಬಾಳೆಹಣ್ಣು ಕೊಟ್ಟರು.

ಬಸ್ಸಿನಲ್ಲಿ ಆಯಿ ನನ್ನ ಮಣಿಕಟ್ಟನ್ನು ಹಿಡಿದದ್ದು ಬ್ಯಾಡಗಿ ಬರುವವರೆಗೆ ಬಿಡಲಿಲ್ಲ. ನಾನು ಮಾತ್ರ ಹಗುರಾಗಿದ್ದೆ, ಸಂಜೆಯೊಳಗೆ ಜ್ವರ ಬರಬಹುದೆಂದು ಕಾಯುತ್ತಿದ್ದೆ, ಸ್ವಲ್ಪ ಹೆದರಿಕೆಯೂ ಇತ್ತು. ಅಪ್ಪ ಪೇಟೆಯಿಂದ ಬಂದು ಮೈ ತೊಳೆದುಕೊಂಡ ಮೇಲೆ ಆಯಿ ನಡೆದದ್ದನ್ನು ಹೇಳಿದಳು. ಅವನು ಬೈಯುತ್ತಾನೆಂದುಕೊಂಡಿದ್ದೆ. ಅವನು ನೆಲದ ಮೇಲೆ ನನ್ನ ಎದುರಿಗೆ ಕೂತು, "ಖರೇನ ಹಂಗಂದೇನು?" ಎಂದಷ್ಟೇ ಕೇಳಿದ. ಹೂಂ ಅಂದೆ. ಅವನು ಎದ್ದು ಹಿತ್ತಲಿಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ಮರುದಿನ ಬೆಳಿಗ್ಗೆ ನಾವೇಳುವಷ್ಟರಲ್ಲಿ ಅಪ್ಪ ಮನೆಯಲ್ಲಿರಲಿಲ್ಲ. ಚಪ್ಪಲಿ ಬಾಗಿಲ ಮೂಲೆಯಲ್ಲಿದ್ದವು. ಮಧ್ಯಾಹ್ನ ಹೊತ್ತು ಇಳಿದ ಮೇಲೆ ತಿರುಗಿ ಬಂದ. ಹಣೆಯ ಮೇಲೆ ಕುಂಕುಮ, ಮೊಣಕಾಲಿನವರೆಗೆ ಧೂಳು. ಅವ್ವ ತಂಬಿಗೆ ನೀರು ತಂದು ಮುಂದಿಟ್ಟಳು. ಮುಖ ತೊಳೆದು ಕಟ್ಟೆಯ ಮೇಲೆ ಕೂತು ಅಪ್ಪ ಹೇಳಿದ.

"ಜನ್ಮ ಪೂರ್ತಿ ಅಂತ ಹೇಳಿ ಬಂದೆ."

ಆಯಿಗೆ ತಡೆಯಲಾಗಲಿಲ್ಲ. "ಏ ಹುಚ್ಚಪ್ಪಾ! ಒಂದ ವರ್ಷದ್ದಿತ್ತಲ್ಲೋ! ಇನ್ನ ಎರಡು ತಿಂಗಳು ಕಳದಿದ್ರ ತೀರತಿತ್ತಲ್ಲೋ!"

ಗಂಗಕ್ಕ ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಹರಕೆ ಒಂದೇ ವರ್ಷದ್ದು. ಹತ್ತು ತಿಂಗಳು ಆಗಲೇ ಹೋಗಿತ್ತು. ಮೌಲಾಲಿ ಕಾಕಾನಿಗೆ ಅಪ್ಪ ಖರೇ ಮಾತನ್ನೇ ಹೇಳಿದ್ದ. ಎರಡು ತಿಂಗಳು ನಾನು ಬಾಯಿ ಮುಚ್ಚಿಕೊಂಡಿದ್ದರೆ ಹಿತ್ತಲ ಒಲೆ ತಾನಾಗಿಯೇ ಹತ್ತುತ್ತಿತ್ತು.

"ಅವ್ವಾ, ಕೂಸು ಹನುಮಪ್ಪನ ಮುಂದ ನಿಂತು ಜ್ವರ ಬೇಡೈತಿ" ಎಂದು ಅಪ್ಪ ಆಯಿಗೆ ಹೇಳಿದ. "ಅಪ್ಪ ಒಂದಂದಾನ, ಮಗಳು ಇನ್ನೊಂದಂದಾಳ. ಅವ ಯಾರ ಮಾತು ಹಿಡೀಬೇಕು? ಅದಕ್ಕ ಆಕಿ ಮಾತಿಗಿಂತ ದೊಡ್ಡ ಮಾತು ಕೊಟ್ಟು ಬಂದೆ."

ನಾನು ಅಳಲು ಶುರು ಮಾಡಿದೆ. ನಾನು ಕೇಳಿದ್ದು ನಿನ್ನ ಸಲುವಾಗಿ, ನೀನು ಉಣ್ಣಲಿ ಅಂತ ಕೇಳಿದ್ದು ಎಂದು ಬಿಕ್ಕುತ್ತ ಹೇಳಿದೆ. ಅಪ್ಪ ನನ್ನನ್ನು ತೊಡೆಯ ಮೇಲೆ ಎಳೆದುಕೊ‌ಂಡ. ಹತ್ತು ವರ್ಷಕ್ಕೆ ಬಂದ ಹುಡುಗಿಯರನ್ನು ನಮ್ಮಲ್ಲಿ ತೊಡೆಯ ಮೇಲೆ ಕೂಡಿಸಿಕೊಳ್ಳುತ್ತಿರಲಿಲ್ಲ.

"ಗೊತ್ತೈತಿ ನೀಲವ್ವ. ನೀ ಕೇಳಿದ್ದು ತಪ್ಪಲ್ಲ. ಆದರ ಅವ ಕೊಟ್ಟುಬಿಟ್ಟಿದ್ದರ?"

ಆಮೇಲೆ ಅಪ್ಪ ಅವ್ವನ ಕಡೆ ತಿರುಗಿದ. ಎಂಟು ದಿನದ ಮೇಲೆ ಅವಳೊಡನೆ ಆಡಿದ ಮೊದಲ ಮಾತು ಅದು.

"ಒಂದು ವರ್ಷ ಅಂದಾಗ ಹಲ್ಲು ಕಚಕೊಂಡು ಇದ್ದೆ. ಇನ್ನ ಜನ್ಮ ಪೂರ್ತಿ ಉಣ್ಣಬೇಕಲ್ಲ. ಖಾರ ಅರಿ."

"ಈಗ ಕಳ್ಳಾಟ ಆಗೂದಿಲ್ಲೇನು?"

"ಅದನ್ನೂ ಕೇಳಿ ಬಂದೇನಿ."

"ಯಾರನ್ನ?"

"ಹನುಮಪ್ಪನ್ನ."

"ಏನಂದ?"

"ಏನೂ ಅನ್ನಲಿಲ್ಲ" ಅಂದ ಅಪ್ಪ. ಆಮೇಲೆ, "ಕೈ ನಿಂದು, ಖರೇ ಐತಿ ನೀ ಅಂದದ್ದು" ಅಂದ.

ಅವ್ವ ಸೆರಗನ್ನು ಬಾಯಿಗೆ ಹಿಡಿದು ನಕ್ಕಳು. ನಗುತ್ತಲೇ ಒಳಗೆ ಹೋಗಿ ಕೊಬ್ಬರಿ ಬಟ್ಟಲು ತಂದಳು. ಆ ಸಂಜೆ ಹಿತ್ತಲ ಒಲೆ ಹತ್ತಿತು. ಅಂದಿನಿಂದ ನಮ್ಮ ರವಿವಾರಕ್ಕೆ ಬದನೆಕಾಯಿ ಬಂತು, ಹಿರೇಕಾಯಿ ಬಂತು, ಮೊಳಕೆ ಬಂದ ಮಡಕೆಕಾಳು ಬಂತು. ಎಲ್ಲಕ್ಕೂ ಅದೇ ಖಾರ. ಅಪ್ಪ ಮೂರು ರೊಟ್ಟಿಗೆ ತಿರುಗಿ ಬರಲು ಮತ್ತೊಂದು ಮಳೆಗಾಲ ಹಿಡಿಯಿತು. ದಲಾಲಿಗಳ ನಡಿಗೆಯೂ ಬಂತು, ಆದರೆ ಮೊದಲಿನಷ್ಟು ಉದ್ದಕ್ಕಲ್ಲ. ಮನೆಯಲ್ಲಿ ಮಾಂಸ ಬೇಕಾದವರು ಹೊರಗೆ ತಿಂದು ಬರಬಹುದು ಎಂದು ಅಪ್ಪನೇ ಹೇಳಿದ. ಆಯಿ ಸಾಯುವವರೆಗೆ ರಾಣೆಬೆನ್ನೂರಿಗೆ ಹೋಗಿ ಬಂದಳು. ಗಂಗಕ್ಕ ಮದುವೆಯಾಗಿ ಹೋದ ಮನೆಯಲ್ಲಿ ಮೊದಲ ರವಿವಾರವೇ ಕಾಳಜ ಕೇಳಿ ಹಾಕಿಸಿಕೊಂಡಳಂತೆ, ನನಗೆ ಕಾಗದದಲ್ಲಿ ಬರೆದಿದ್ದಳು.

ನಾನು ತಿನ್ನಲಿಲ್ಲ. ಇದನ್ನು ಭಕ್ತಿ ಎಂದು ತಿಳಿದವರಿದ್ದಾರೆ, ತಿದ್ದಲು ಹೋಗಿಲ್ಲ. ಹಾವೇರಿಗೆ ಸೊಸೆಯಾಗಿ ಬಂದೆ. ಇಲ್ಲಿ ರವಿವಾರದ ಅಡುಗೆ ಇತ್ತು, ಅವ್ವನ ಖಾರವನ್ನು ನಾನೇ ಹುರಿದು ರುಬ್ಬಿ ಅತ್ತೆ ಮಾವನಿಗೆ ಮಾಡಿ ಬಡಿಸಿದೆ, ರುಚಿ ನೋಡದೆಯೇ ಉಪ್ಪು ಹಾಕುವುದನ್ನು ಕಲಿತೆ. ಮೊದಮೊದಲು ಆಸೆಯಾಗುತ್ತಿತ್ತು, ಬಾಯಿಯಲ್ಲಿ ನೀರು ಬಂದದ್ದನ್ನು ನುಂಗಿಕೊಂಡು ಬಡಿಸಿದ್ದೇನೆ. ಆದರೆ ತುತ್ತು ಎತ್ತಬೇಕೆಂದರೆ ಅಪ್ಪನ ಆ ಪ್ರಶ್ನೆ ಕಿವಿಗೆ ಬರುತ್ತಿತ್ತು. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದೆ. ಏನನ್ನೂ ಕೇಳದ, ಬಹಳ ಶಾಣ್ಯಾ ಅನ್ನಿಸಿಕೊಂಡ ಮಕ್ಕಳನ್ನು ಕಂಡರೆ ಹೊಗಳುವ ಬದಲು ಹತ್ತಿರ ಕರೆದು, ಮನೆಯಲ್ಲಿ ಏನಾಗಿದೆ ಎಂದು ವಿಚಾರಿಸುವುದು ನನಗೆ ರೂಢಿಯಾಯಿತು.

ಅವ್ವ ಹೋದ ಮೇಲೆ ಅಪ್ಪ ನನ್ನ ಹತ್ತಿರ ಹಾವೇರಿಗೆ ಬಂದ. ಹೋದ ಶ್ರಾವಣದಲ್ಲಿ ನನ್ನ ಮೊಮ್ಮಗಳ ಹುಟ್ಟುಹಬ್ಬವಿತ್ತು. ಮಗ ಅಂಗಡಿಯಿಂದ ಕೇಕು ತಂದಿದ್ದ. ಹಲ್ಲಿಲ್ಲದ ಬಾಯಿಗೆ ಮೆತ್ತಗಿದೆ ಎಂದು ಅಪ್ಪ ಒಂದು ತುಂಡು ತಿಂದ, ಇನ್ನೊಂದನ್ನು ಕೇಳಿ ಹಾಕಿಸಿಕೊಂಡ. ಅವನ ತೊಡೆಗೆ ಒರಗಿ ನಿಂತಿದ್ದ ಮೊಮ್ಮಗಳು, "ಮುತ್ಯಾ, ಇದ್ರಾಗ ತತ್ತಿ ಹಾಕಿರ್ತಾರ, ಅದಕ್ಕ ಮೆತ್ತಗ ಐತಿ, ನಮ್ಮ ಟೀಚರ್ ಹೇಳ್ಯಾರ" ಅಂದಳು. ಮಗನ ಮುಖ ಬಾಡಿತು. ಅವನು ತತ್ತಿ ಇಲ್ಲದ್ದನ್ನು ಕೇಳಿ ತರಲು ಮರೆತಿದ್ದ. ಅಪ್ಪ ತಾಟನ್ನು ಕೆಳಗಿಟ್ಟ. "ಕೂಸಿನ ಮುಂದ ಯಾರೂ ಏನೂ ಅನಬ್ಯಾಡ್ರಿ" ಎಂದು ಎದ್ದು ಬಾಯಿ ಮುಕ್ಕಳಿಸಿ ಬಂದ. ಆಮೇಲೆ ನನ್ನನ್ನು ಕರೆದ.

"ನೀಲವ್ವ, ಇಲ್ಲಿ ಬಾ."

ಹೋಗಿ ಕುರ್ಚಿಯ ಪಕ್ಕ ಕೂತೆ. ಅವನು ಅಂಗೈಯನ್ನು ತಿರುಗಿಸಿ ನನ್ನ ಹಣೆಗೆ ಇಟ್ಟು ನೋಡಿದ. ಆಮೇಲೆ ಕುತ್ತಿಗೆಗೆ ಇಟ್ಟು ನೋಡಿದ. ನನಗೆ ಆಗ ಐವತ್ತೇಳು ವರ್ಷ. ತಲೆ ಪೂರ್ತಿ ಬೆಳ್ಳಗಾಗಿದೆ. ಅವನು ನಲವತ್ತೆಂಟು ವರ್ಷದಿಂದ ಪ್ರತಿ ಊಟದಲ್ಲೂ ನನ್ನನ್ನು ಕಾಯುತ್ತ ಕೂತಿದ್ದ ಎಂಬುದು ನನಗೆ ಆ ಹೊತ್ತಿಗೆ ತಿಳಿಯಿತು. ಅವನ ಪಾಲಿಗೆ ನನ್ನ ಜ್ವರ ಇಳಿದೇ ಇರಲಿಲ್ಲ, ಅವನು ತಡೆದು ಹಿಡಿದಿದ್ದ.

ಮರುದಿನ ಬೆಳಿಗ್ಗೆ ಚಹಕ್ಕೆ ಮುಂಚೆ ಮತ್ತೆ ಕರೆದ, ಮತ್ತೆ ಮುಟ್ಟಿ ನೋಡಿದ. ಅದರ ಮರುದಿನವೂ. ನಾಲ್ಕನೆಯ ದಿನ ಮಳೆಯಲ್ಲಿ ನೆನೆದು ಬಂದಿದ್ದ ನನಗೆ ಖರೇನೇ ಮೈ ಬಿಸಿಯಾಗಿತ್ತು, ಮೂಗು ಸೋರುತ್ತಿತ್ತು. ಗುಳಿಗೆ ನುಂಗಿದೆ. ಬಚ್ಚಲಿಗೆ ಹೋಗಿ ತಣ್ಣೀರಿನಲ್ಲಿ ಮುಖ, ಕುತ್ತಿಗೆ ಎರಡು ಸಲ ತೊಳೆದು, ಒದ್ದೆ ಬಟ್ಟೆಯನ್ನು ಹಣೆಗೆ ಒತ್ತಿ ಹಿಡಿದು ಒರೆಸಿಕೊಂಡೆ. ಅವನು ಕರೆಯುವ ಮುಂಚೆಯೇ ಹೋಗಿ ಅವನ ಮುಂದೆ ಕೂತೆ. ಅಪ್ಪ ಅಂಗೈ ಇಟ್ಟ, ಬಹಳ ಹೊತ್ತು ಇಟ್ಟುಕೊಂಡಿದ್ದ.

"ತಣ್ಣಗದೀ" ಅಂದ.

"ಹೂಂನಪ್ಪಾ" ಅಂದೆ.